ಕೆಲವೇ ಸೆಕೆಂಡುಗಳ ಮಿಂಚಿಗೆ ವಿಳಾಸ ಹುಡುಕುವುದು ಹೇಗೆ? ಗ್ಯಾಮಾ ಕಿರಣ ಸ್ಫೋಟಗಳು ಮತ್ತು ಬಾಹ್ಯಾಕಾಶ ದೂರದರ್ಶಕಗಳು

2004ರ ನವೆಂಬರ್ 20ರಂದು ಉಡಾವಣೆಯಾದ ‘ಸ್ವಿಫ್ಟ್’ ಎಂಬ ಬಾಹ್ಯಾಕಾಶ ದೂರದರ್ಶಕ ವರ್ಷದಿಂದ ವರ್ಷಕ್ಕೆ ಕೆಳಗಿಳಿಯುತ್ತಾ ಬಂದಿದೆ. ಶುರುವಿನಲ್ಲಿ ಅದು ನೆಲದಿಂದ ಸುಮಾರು 600 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತಿತ್ತು. ಸೂರ್ಯ ಚುರುಕಾಗಿರುವ ವರ್ಷಗಳಲ್ಲಿ ಭೂಮಿಯ ವಾಯುಮಂಡಲದ ಮೇಲ್ಪದರ ಬಿಸಿಯಾಗಿ ಉಬ್ಬುತ್ತದೆ. ಅಲ್ಲಿನ ತೀರಾ ತೆಳುವಾದ ಗಾಳಿಯೂ ಸಾಕು, ಉಪಗ್ರಹಕ್ಕೆ ಒರೆಸಿಕೊಂಡು ಹೋಗುತ್ತಾ ಅದರ ಶಕ್ತಿಯನ್ನು ಚೂರು ಚೂರೇ ಕಸಿದುಕೊಳ್ಳುತ್ತದೆ. ಸ್ವಿಫ್ಟ್‌ಗೆ ತನ್ನನ್ನು ತಾನೇ ಮೇಲೆತ್ತಿಕೊಳ್ಳುವ ಎಂಜಿನ್ ಇಲ್ಲ. ಹಾಗಾಗಿ 2025ರ ಸೆಪ್ಟೆಂಬರ್‌ನಲ್ಲಿ ನಾಸಾ ಸಂಸ್ಥೆಯು ಕ್ಯಾಟಲಿಸ್ಟ್ ಎಂಬ ಖಾಸಗಿ ಕಂಪನಿಗೆ 3 ಕೋಟಿ ಡಾಲರ್‌ಗಳ ಗುತ್ತಿಗೆ ಕೊಟ್ಟಿತು. ಕೆಲಸ ಇಷ್ಟು: ಒಂದು ರೋಬಾಟ್ ನೌಕೆಯನ್ನು ಕಳಿಸಿ, ಸ್ವಿಫ್ಟ್ ಅನ್ನು ಹಿಡಿದು, ಮೇಲಿನ ಕಕ್ಷೆಗೆ ಎತ್ತಬೇಕು.

ಇಪ್ಪತ್ತು ವರ್ಷ ದುಡಿದ ಒಂದು ಹಳೆಯ ಉಪಗ್ರಹಕ್ಕೆ ಇಷ್ಟೊಂದು ಉಪಚಾರ ಏಕೆ? ಅದು ಮಾಡುವ ಕೆಲಸ ಗೊತ್ತಾದರೆ ಈ ಪ್ರಶ್ನೆಗೆ ಉತ್ತರ ತಾನಾಗಿ ಸಿಗುತ್ತದೆ. ಆಕಾಶದಲ್ಲಿ ದಿನಕ್ಕೆ ಹೆಚ್ಚುಕಡಿಮೆ ಒಂದರಂತೆ, ಯಾವ ಮೂಲೆಯಲ್ಲಿ ಎಂದು ಮೊದಲೇ ಹೇಳಲಾಗದ ಹಾಗೆ, ಗ್ಯಾಮಾ ಕಿರಣಗಳ ಒಂದು ಮಿಂಚು ಬಂದು ಹೋಗುತ್ತದೆ. ಕೆಲವು ಅರ್ಧ ಸೆಕೆಂಡ್ ಇರುತ್ತವೆ, ಕೆಲವು ಒಂದೆರಡು ನಿಮಿಷ. ಹೋದದ್ದು ಮತ್ತೆ ಅದೇ ಜಾಗದಲ್ಲಿ ಬರುವುದಿಲ್ಲ. ಅಷ್ಟರೊಳಗೆ ‘ಎಲ್ಲಿಂದ ಬಂತು?’ ಎಂದು ಪತ್ತೆಹಚ್ಚಬೇಕು. ಗ್ಯಾಮಾ ಕಿರಣ ಸ್ಫೋಟಗಳ ಬಗ್ಗೆ ಇಂದು ನಮಗೆ ತಿಳಿದಿರುವುದರಲ್ಲಿ ಬಹುಪಾಲು ಈ ‘ಎಲ್ಲಿ’ ಎಂಬ ಒಂದೇ ಪ್ರಶ್ನೆಯ ಬೆನ್ನು ಹತ್ತಿದ್ದರಿಂದ ಸಿಕ್ಕಿದ್ದು.

ಗ್ಯಾಮಾ ಕಿರಣ ಎಂದರೆ ಬೆಳಕೇ

ರೇಡಿಯೊ ಅಲೆ, ಮೈಕ್ರೊವೇವ್, ಕಣ್ಣಿಗೆ ಕಾಣುವ ಬೆಳಕು, ಎಕ್ಸ್-ರೇ, ಗ್ಯಾಮಾ ಕಿರಣ ಇವೆಲ್ಲ ಒಂದೇ ಕುಟುಂಬದವು. ಹೆಸರು ಬೇರೆಯಾದದ್ದು ಅಲೆಯ ಉದ್ದದಿಂದ. ರೇಡಿಯೊ ಅಲೆಗಳು ಮೀಟರ್‌ಗಟ್ಟಲೆ ಉದ್ದ ಇರಬಲ್ಲವು. ಗ್ಯಾಮಾ ಕಿರಣದ ಅಲೆ ಒಂದು ಅಣುವಿಗಿಂತಲೂ ಪುಟ್ಟದು. ಅಲೆ ಕಿರಿದಾದಷ್ಟೂ ಅದು ಹೊತ್ತು ತರುವ ಶಕ್ತಿ ಹೆಚ್ಚು. ಬೆಳಕು ಪುಟ್ಟ ಪುಟ್ಟ ಕಂತೆಗಳಾಗಿ ಬರುತ್ತದೆ, ಆ ಕಂತೆಗೆ ಫೋಟಾನ್ ಎಂದು ಹೆಸರು. ಕಣ್ಣಿಗೆ ಕಾಣುವ ಬೆಳಕಿನ ಒಂದು ಫೋಟಾನ್‌ಗೆ ಹೋಲಿಸಿದರೆ ಗ್ಯಾಮಾ ಫೋಟಾನ್ ಒಂದರಲ್ಲಿ ಹತ್ತಾರು ಸಾವಿರ ಪಟ್ಟಿನಿಂದ ಹಿಡಿದು ಕೋಟ್ಯಂತರ ಪಟ್ಟಿನವರೆಗೆ ಶಕ್ತಿ ತುಂಬಿರಬಹುದು.

ಇಷ್ಟು ಬಲಶಾಲಿ ಕಿರಣ ನೆಲದವರೆಗೆ ಏಕೆ ಬರುವುದಿಲ್ಲ? ನಮ್ಮ ತಲೆಯ ಮೇಲಿನ ಗಾಳಿ ಹಗುರ ಎನಿಸಿದರೂ ಅದನ್ನೆಲ್ಲ ಒಟ್ಟುಗೂಡಿಸಿ ತೂಗಿದರೆ ಸುಮಾರು 10 ಮೀಟರ್ ಆಳದ ನೀರಿನಷ್ಟು ಭಾರ. ಗ್ಯಾಮಾ ಕಿರಣ ಆ ದಪ್ಪವನ್ನು ದಾಟುವಷ್ಟರಲ್ಲಿ ಗಾಳಿಯ ಕಣಗಳಿಗೆ ಡಿಕ್ಕಿ ಹೊಡೆದು ತನ್ನ ಶಕ್ತಿಯನ್ನೆಲ್ಲ ಕಳೆದುಕೊಂಡಿರುತ್ತದೆ. ಜೀವಿಗಳಿಗೆ ಇದು ದೊಡ್ಡ ರಕ್ಷಣೆ. ಖಗೋಳ ವಿಜ್ಞಾನಿಗಳಿಗೆ ಮಾತ್ರ ಇದು ಸದಾ ಮುಚ್ಚಿದ ಬಾಗಿಲು. ಆ ಬಾಗಿಲಿನಾಚೆ ನೋಡಬೇಕೆಂದರೆ ಉಪಕರಣವನ್ನೇ ಗಾಳಿಯ ಮೇಲಕ್ಕೆ ಕೊಂಡೊಯ್ಯಬೇಕು.

ಬಾಂಬ್ ಹುಡುಕಲು ಹೋದವರ ಕಣ್ಣಿಗೆ ಬಿದ್ದದ್ದು

ಈ ಮಿಂಚುಗಳನ್ನು ಮೊದಲು ಕಂಡ ಕಣ್ಣುಗಳಿಗೆ ನಕ್ಷತ್ರಗಳ ಗೊಡವೆಯೇ ಇರಲಿಲ್ಲ. 1963ರಲ್ಲಿ ಅಮೆರಿಕ, ಸೋವಿಯತ್ ಒಕ್ಕೂಟ ಮತ್ತು ಬ್ರಿಟನ್ ಒಂದು ಒಪ್ಪಂದ ಮಾಡಿಕೊಂಡವು: ವಾಯುಮಂಡಲ, ಬಾಹ್ಯಾಕಾಶ, ನೀರಿನಡಿ ಎಲ್ಲಿಯೂ ಅಣುಬಾಂಬ್ ಪರೀಕ್ಷೆ ನಡೆಸುವಂತಿಲ್ಲ. ಎದುರಾಳಿ ಮಾತಿಗೆ ತಪ್ಪಿ ಬಾಹ್ಯಾಕಾಶದಲ್ಲಿ ಕದ್ದುಮುಚ್ಚಿ ಬಾಂಬ್ ಸಿಡಿಸಿದರೆ? ಆ ಅನುಮಾನಕ್ಕಾಗಿಯೇ ಅಮೆರಿಕ ‘ವೇಲಾ’ ಎಂಬ ಉಪಗ್ರಹಗಳನ್ನು ಜೋಡಿ ಜೋಡಿಯಾಗಿ, ಲಕ್ಷ ಕಿಲೋಮೀಟರ್‌ಗೂ ಎತ್ತರದ ಕಕ್ಷೆಗೆ ಹಾರಿಸಿತು. ಅಣುಬಾಂಬ್ ಸಿಡಿದಾಗ ಹೊಮ್ಮುವ ಗ್ಯಾಮಾ ಕಿರಣಗಳನ್ನು ಗುರುತಿಸುವುದು ಅವುಗಳ ಕಾವಲು ಕೆಲಸ.

1967ರ ಜುಲೈ 2ರಂದು ವೇಲಾಗಳು ಒಂದು ಗ್ಯಾಮಾ ಮಿಂಚನ್ನು ದಾಖಲಿಸಿದವು. ಅದು ಬಾಂಬಿನ ಹಾಗಿರಲಿಲ್ಲ. ಬಾಂಬ್ ಆಗಿದ್ದರೆ ಕಣ್ಣೆವೆ ಇಕ್ಕುವುದಕ್ಕೂ ಮೊದಲೇ ಒಮ್ಮೆ ಹೊಳೆದು, ಆಮೇಲೆ ನಿಧಾನವಾಗಿ ಆರಬೇಕಿತ್ತು. ಇದು ಎರಡು ಬಾರಿ ಏರಿ ಇಳಿದಿತ್ತು. ಲಾಸ್ ಅಲಮೋಸ್ ಪ್ರಯೋಗಾಲಯದ ರೇ ಕ್ಲೆಬೆಸಾಡೆಲ್, ಇಯಾನ್ ಸ್ಟ್ರಾಂಗ್ ಮತ್ತು ರಾಯ್ ಓಲ್ಸನ್ ಅವಸರ ಮಾಡಲಿಲ್ಲ. ಮುಂದಿನ ಪೀಳಿಗೆಯ ವೇಲಾಗಳಲ್ಲಿ ಗಡಿಯಾರಗಳು ಇನ್ನೂ ಕರಾರುವಾಕ್ಕಾಗಿದ್ದವು. ಅವುಗಳಿಂದ ಒಂದು ಸರಳ ಉಪಾಯ ಸಾಧ್ಯವಾಯಿತು.

ಬೆಳಕು ಒಂದು ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್ ಸಾಗುತ್ತದೆ. ಎರಡು ಉಪಗ್ರಹಗಳು ಭೂಮಿಯ ಆಚೆ ಈಚೆ ಇದ್ದರೆ, ಬಲಗಡೆಯಿಂದ ಬಂದ ಮಿಂಚು ಬಲಗಡೆಯ ಉಪಗ್ರಹವನ್ನು ಮೊದಲು ಮುಟ್ಟುತ್ತದೆ, ಸೆಕೆಂಡಿನ ಒಂದು ಭಾಗದಷ್ಟು ತಡವಾಗಿ ಎಡಗಡೆಯದನ್ನು. ದಡದಲ್ಲಿ ನಿಂತ ಇಬ್ಬರಲ್ಲಿ ಅಲೆ ಯಾರ ಕಾಲನ್ನು ಮೊದಲು ತೋಯಿಸಿತು ಎಂದು ಗೊತ್ತಾದರೆ ಅಲೆ ಯಾವ ಕಡೆಯಿಂದ ಬಂತೆಂದು ಹೇಳಬಹುದಲ್ಲ, ಹಾಗೆಯೇ ಇದು. ಈ ಲೆಕ್ಕದಿಂದ ಮಿಂಚುಗಳು ಭೂಮಿಯವೂ ಅಲ್ಲ, ಸೂರ್ಯನವೂ ಅಲ್ಲ ಎಂದು ಖಚಿತವಾಯಿತು. 1969ರಿಂದ 1972ರವರೆಗೆ ಕಂಡ 16 ಮಿಂಚುಗಳ ವಿವರವನ್ನು ಮೂವರೂ 1973ರಲ್ಲಿ ಪ್ರಕಟಿಸಿದರು. ಹೊಸ ಒಗಟು ಹಾಗೆ ಲೋಕದ ಮುಂದೆ ಬಂತು.

ಗಡಿಯಾರ ಹೋಲಿಸುವ ಈ ಉಪಾಯ ಇಂದಿಗೂ ಬಳಕೆಯಲ್ಲಿದೆ. ಭೂಮಿಯ ಹತ್ತಿರದ ಉಪಗ್ರಹಗಳ ಜೊತೆಗೆ ಮಂಗಳನನ್ನು ಸುತ್ತುವ ಒಡಿಸ್ಸಿಯಂತಹ ನೌಕೆಯೂ ಕೂಡಿಕೊಂಡರೆ ನಡುವಿನ ಅಂತರ ಕೋಟಿಗಟ್ಟಲೆ ಕಿಲೋಮೀಟರ್ ಆಗುತ್ತದೆ. ಅಂತರ ಹಿರಿದಾದಷ್ಟೂ ದಿಕ್ಕು ನಿಖರ. ತೊಂದರೆ ಒಂದೇ: ದೂರದ ನೌಕೆಯಿಂದ ಮಾಹಿತಿ ಬಂದು, ಲೆಕ್ಕ ಮುಗಿಯುವಾಗ ಗಂಟೆಗಳೋ ದಿನಗಳೋ ಕಳೆದಿರುತ್ತವೆ.

ಕನ್ನಡಿ ಕೈಕೊಡುವ ಜಾಗ

ದೂರದರ್ಶಕ ಎಂದಾಗ ನಮ್ಮ ಕಣ್ಣ ಮುಂದೆ ಬರುವುದು ದೊಡ್ಡ ಕನ್ನಡಿ ಅಥವಾ ಮಸೂರ. ಬೆಳಕನ್ನು ಬಾಗಿಸಿ ಒಂದು ಬಿಂದುವಿಗೆ ತಂದರೆ ಚಿತ್ರ ಮೂಡುತ್ತದೆ. ಗ್ಯಾಮಾ ಕಿರಣದ ಮುಂದೆ ಈ ವಿದ್ಯೆ ನಡೆಯುವುದಿಲ್ಲ. ತಂತಿಬೇಲಿಗೆ ಚೆಂಡು ಎಸೆದರೆ ಪುಟಿದು ವಾಪಸ್ ಬರುತ್ತದೆ. ಒಂದು ಹಿಡಿ ಸಾಸಿವೆ ಎರಚಿದರೆ? ಕಾಳುಗಳು ತೂರಿಕೊಂಡು ಆಚೆ ಹೋಗುತ್ತವೆ. ಕಾಣುವ ಬೆಳಕಿಗೆ ಕನ್ನಡಿಯ ಮೈ ನುಣುಪಾದ ಗೋಡೆ. ಗ್ಯಾಮಾ ಕಿರಣಕ್ಕೆ ಅದೇ ಕನ್ನಡಿ ಅಣುಗಳ ನಡುವೆ ಬೇಕಾದಷ್ಟು ಸಂದಿಗಳಿರುವ ಬೇಲಿ.

ಪುಟಿಸಲಾಗದಿದ್ದರೆ ಹೀರಿಕೊಂಡು ಎಣಿಸಬೇಕು. ಸೋಡಿಯಂ ಅಯೋಡೈಡ್‌ನಂತಹ ಕೆಲವು ಹರಳುಗಳಿಗೆ ಒಂದು ಗುಣವಿದೆ. ಗ್ಯಾಮಾ ಫೋಟಾನ್ ಒಳಹೊಕ್ಕು ಅಣುಗಳಿಗೆ ಬಡಿದಾಗ ಹರಳಿನೊಳಗೆ ಕ್ಷಣಮಾತ್ರ ಮಂದ ಬೆಳಕು ಮಿನುಗುತ್ತದೆ. ಆ ಮಿನುಗನ್ನು ಹರಳಿಗೆ ಅಂಟಿದ ಸಾಧನ ವಿದ್ಯುತ್ ಸಂಕೇತವಾಗಿ ಬದಲಿಸುತ್ತದೆ. ಮಿನುಗು ಎಷ್ಟು ಜೋರಾಗಿತ್ತೋ ಬಂದ ಫೋಟಾನ್‌ನ ಶಕ್ತಿ ಅಷ್ಟು. ಹೀಗೆ ಒಂದೊಂದೇ ಫೋಟಾನ್ ಎಣಿಸುತ್ತಾ, ಸೆಕೆಂಡಿಗೆ ಎಷ್ಟು ಬಂದವು ಎಂದು ಸದಾ ಲೆಕ್ಕ ಇಡಲಾಗುತ್ತದೆ. ಬಾಹ್ಯಾಕಾಶದಲ್ಲಿ ಯಾವಾಗಲೂ ಸ್ವಲ್ಪ ಗ್ಯಾಮಾ ಕಿರಣ ಇದ್ದೇ ಇರುತ್ತದೆ, ಸದ್ದುಗದ್ದಲದ ಬೀದಿಯ ಹಾಗೆ. ಲೆಕ್ಕ ಇದ್ದಕ್ಕಿದ್ದಂತೆ ಆ ಗದ್ದಲವನ್ನೂ ಮೀರಿ ಜಿಗಿದರೆ ಉಪಗ್ರಹದ ಕಂಪ್ಯೂಟರ್ ಎಚ್ಚರಗೊಳ್ಳುತ್ತದೆ.

ಇಲ್ಲೊಂದು ಅಡ್ಡಿಯನ್ನೂ ಹೇಳಬೇಕು. ದಕ್ಷಿಣ ಅಟ್ಲಾಂಟಿಕ್ ಸಾಗರದ ಮೇಲೆ ಭೂಮಿಯ ಕಾಂತಕ್ಷೇತ್ರ ದುರ್ಬಲವಾಗಿದೆ. ಅಲ್ಲಿ ವಿದ್ಯುದಾವೇಶದ ಕಣಗಳು ಉಪಗ್ರಹಗಳ ಎತ್ತರದವರೆಗೂ ಇಳಿದು ಬರುತ್ತವೆ. ಆ ಪ್ರದೇಶ ದಾಟುವಾಗ ಉಪಕರಣಗಳನ್ನು ಆರಿಸಿ ಇಡಬೇಕಾಗುತ್ತದೆ. ಅದೇ ಕೆಲವು ನಿಮಿಷಗಳಲ್ಲಿ ಆಕಾಶದಲ್ಲಿ ಮಿಂಚಿದ್ದು ಆ ಉಪಗ್ರಹದ ಪಾಲಿಗೆ ಇಲ್ಲವೇ ಇಲ್ಲ.

ಎಂಟು ಮೂಲೆ, 2704 ಚುಕ್ಕೆ

ಎಣಿಸುವುದೇನೋ ಆಯಿತು, ದಿಕ್ಕು? ಒಂದು ದಾರಿ ಹೀಗೆ. ನಾಲ್ಕು ಗೋಡೆಗಳ ಮನೆಯೊಂದರ ಮೇಲೆ ಬಿಸಿಲು ಬಿದ್ದರೆ, ಯಾವ ಗೋಡೆ ಹೆಚ್ಚು ಕಾದಿದೆ ಎಂದು ಮುಟ್ಟಿ ನೋಡಿಯೇ ಸೂರ್ಯ ಯಾವ ಕಡೆ ಇದ್ದಾನೆಂದು ಅಂದಾಜಿಸಬಹುದು. 1991ರ ಏಪ್ರಿಲ್‌ನಲ್ಲಿ ಅಟ್ಲಾಂಟಿಸ್ ನೌಕೆ ಹೊತ್ತೊಯ್ದ ಕಾಂಪ್ಟನ್ ವೀಕ್ಷಣಾಲಯದಲ್ಲಿದ್ದ ‘ಬ್ಯಾಟ್ಸಿ’ ಎಂಬ ಉಪಕರಣ ಇದನ್ನೇ ಮಾಡಿತು. ಉಪಗ್ರಹದ ಎಂಟು ಮೂಲೆಗಳಲ್ಲಿ ಎಂಟು ಹರಳುಗಳು. ಮಿಂಚಿನತ್ತ ಮುಖ ಮಾಡಿದ ಹರಳಿಗೆ ಹೆಚ್ಚು ಫೋಟಾನ್, ಓರೆಯಾಗಿರುವುದಕ್ಕೆ ಕಡಿಮೆ. ಈ ಏರುಪೇರಿನಿಂದ ದಿಕ್ಕಿನ ಲೆಕ್ಕ.

ಅಂದಾಜು ಒರಟಾಗಿತ್ತು. ಬ್ಯಾಟ್ಸಿ ತೋರಿಸುತ್ತಿದ್ದ ಜಾಗದಲ್ಲಿ ನೂರಾರು ಹುಣ್ಣಿಮೆ ಚಂದ್ರರನ್ನು ಜೋಡಿಸಿಡಬಹುದಿತ್ತು. ಅಷ್ಟು ದೊಡ್ಡ ತುಂಡು ಆಕಾಶದಲ್ಲಿ ಆರುತ್ತಿರುವ ಒಂದು ಕಿಡಿಯನ್ನು ಹುಡುಕುವುದು ಅಂದಿನ ದೂರದರ್ಶಕಗಳಿಗೆ ಆಗದ ಮಾತು. ಆದರೂ ಒಂಬತ್ತು ವರ್ಷಗಳಲ್ಲಿ ಬ್ಯಾಟ್ಸಿ 2704 ಸ್ಫೋಟಗಳನ್ನು ದಾಖಲಿಸಿತು. ಅವನ್ನೆಲ್ಲ ಆಕಾಶದ ಒಂದೇ ನಕ್ಷೆಯ ಮೇಲೆ ಚುಕ್ಕೆಗಳಾಗಿ ಇಟ್ಟಾಗ ಕಂಡದ್ದು ಎಲ್ಲರನ್ನೂ ಯೋಚನೆಗೆ ಹಚ್ಚಿತು.

ನಾವಿರುವ ಗೆಲಾಕ್ಸಿ, ಅಂದರೆ ಕ್ಷೀರಪಥ, ಚಪ್ಪಟೆ ತಟ್ಟೆಯಂತಿದೆ. ನಾವು ಅದರೊಳಗೇ ಇರುವುದರಿಂದ ಅದು ನಮಗೆ ಆಕಾಶದಲ್ಲಿ ಬೆಳ್ಳನೆಯ ಪಟ್ಟಿಯಾಗಿ ಕಾಣುತ್ತದೆ. ಸ್ಫೋಟಗಳು ನಮ್ಮ ಗೆಲಾಕ್ಸಿಯ ನಕ್ಷತ್ರಗಳವೇ ಆಗಿದ್ದರೆ ಚುಕ್ಕೆಗಳು ಆ ಪಟ್ಟಿಯ ಉದ್ದಕ್ಕೂ ಗುಂಪುಗೂಡಬೇಕಿತ್ತು. ಹಾಗಾಗಲಿಲ್ಲ. ಎಲ್ಲ ದಿಕ್ಕಿನಲ್ಲೂ ಸಮನಾಗಿ ಚದುರಿದ್ದವು. 1995ರಲ್ಲಿ ವಾಷಿಂಗ್ಟನ್‌ನಲ್ಲಿ ಈ ಬಗ್ಗೆ ಬಹಿರಂಗ ಚರ್ಚೆಯೇ ನಡೆಯಿತು. ಸ್ಫೋಟಗಳು ಕೋಟಿಗಟ್ಟಲೆ ಜ್ಯೋತಿರ್ವರ್ಷ ಆಚೆಯವು ಎಂದರು ಖಗೋಳ ವಿಜ್ಞಾನಿ ಬೋದಾನ್ ಪಾಚಿನ್‌ಸ್ಕಿ. ನಮ್ಮ ಗೆಲಾಕ್ಸಿಯನ್ನು ಚೆಂಡಿನಂತೆ ಸುತ್ತುವರಿದ ಹೊರವಲಯದವು ಎಂದರು ಇನ್ನೊಬ್ಬ ಖಗೋಳ ವಿಜ್ಞಾನಿ ಡೊನಾಲ್ಡ್ ಲ್ಯಾಂಬ್. ಇಬ್ಬರ ಅಂದಾಜುಗಳ ನಡುವಿನ ವ್ಯತ್ಯಾಸ ಸಾವಿರಾರು ಪಟ್ಟು. ಒಂದೇ ಒಂದು ಸ್ಫೋಟದ ನಿಖರ ಜಾಗ ಸಿಕ್ಕಿದ್ದರೂ ವಾದ ಬಗೆಹರಿಯುತ್ತಿತ್ತು.

ಜಾಲಂದ್ರದ ನೆರಳು

ನಿಖರ ಜಾಗಕ್ಕೆ ದಾರಿ ಮಾಡಿಕೊಟ್ಟದ್ದು ನೆರಳು. ಈ ಇಡೀ ವಿಷಯದಲ್ಲಿ ನನಗೆ ಅತ್ಯಂತ ಸೊಗಸಾಗಿ ಕಾಣುವ ಉಪಾಯ ಇದು. ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ.

ಜಾಲಂದ್ರದ ಕಿಟಕಿಯೊಂದನ್ನು ನೆನೆಸಿಕೊಳ್ಳಿ. ಬೆಳಗಿನ ಬಿಸಿಲಿಗೆ ಅದರ ನೆರಳು ನೆಲದ ಮೇಲೆ ಒಂದು ಕಡೆ ಬೀಳುತ್ತದೆ. ಸೂರ್ಯ ಮೇಲೇರಿದಂತೆ ಅದೇ ನೆರಳು ಸರಿಯುತ್ತದೆ. ಕಿಟಕಿಯತ್ತ ತಿರುಗಿಯೂ ನೋಡದೆ ನೆಲದ ನೆರಳು ಎಷ್ಟು ಸರಿದಿದೆ ಎಂದು ಅಳೆದರೆ ಸೂರ್ಯನ ದಿಕ್ಕು ಗೊತ್ತಾಗುತ್ತದೆ. ಗ್ಯಾಮಾ ಕಿರಣವನ್ನು ಬಾಗಿಸಲು ಆಗದಿದ್ದರೂ ಸೀಸದ ತುಂಡಿನಿಂದ ತಡೆಯಬಹುದು. ತಡೆದಲ್ಲಿ ನೆರಳು ಮೂಡುತ್ತದೆ.

ಒಂದೇ ಒಂದು ತೂತಿದ್ದರೆ ಇನ್ನೂ ಸರಳವಲ್ಲವೇ? ಹೌದು, ಆದರೆ ಸ್ಫೋಟದಿಂದ ನಮಗೆ ತಲುಪುವ ಫೋಟಾನ್‌ಗಳೇ ಕಡಿಮೆ. ಸಣ್ಣ ತೂತಿನಲ್ಲಿ ಎಣಿಕೆಗೆ ಸಾಲದಷ್ಟು ಮಾತ್ರ ಒಳಬರುತ್ತವೆ. ತೂತುಗಳು ಹೆಚ್ಚಬೇಕು. ಹಾಗೆಂದು ಅವನ್ನು ಸಾಲಾಗಿ, ಒಂದೇ ಅಳತೆಯ ಅಂತರದಲ್ಲಿ ಕೊರೆದರೆ ಇನ್ನೊಂದು ತೊಡಕು: ನೆರಳು ಒಂದು ತೂತಿನಷ್ಟು ಸರಿದರೂ ಮೊದಲಿನ ಹಾಗೆಯೇ ಕಾಣುತ್ತದೆ. ಯಾವ ದಿಕ್ಕೆಂದು ಹೇಳಲು ಬಾರದು. ತೂತುಗಳನ್ನು ಯಾವ ಕ್ರಮವೂ ಇಲ್ಲದೆ ಚದುರಿಸಿದರೆ ಪ್ರತಿ ದಿಕ್ಕಿಗೂ ಅದರದೇ ಆದ ನೆರಳು ಸಿಗುತ್ತದೆ, ಬೆರಳಚ್ಚಿನಂತೆ. ಕಂಪ್ಯೂಟರ್ ಆ ನೆರಳನ್ನು ತನಗೆ ಗೊತ್ತಿರುವ ವಿನ್ಯಾಸದೊಂದಿಗೆ ತಾಳೆ ನೋಡಿ ದಿಕ್ಕನ್ನು ಬಿಡಿಸಿ ಹೇಳುತ್ತದೆ.

ಸ್ವಿಫ್ಟ್‌ನ ನೆತ್ತಿಯ ಮೇಲೆ ಹೀಗೆ ಚದುರಿಸಿ ಅಂಟಿಸಿದ, 5 ಮಿಲಿಮೀಟರ್ ಅಗಲದ ಸೀಸದ ಬಿಲ್ಲೆಗಳು 50 ಸಾವಿರಕ್ಕೂ ಹೆಚ್ಚು ಇವೆ. ಕೆಳಗೆ ನೆರಳನ್ನು ಹಿಡಿಯಲು ಕ್ಯಾಡ್ಮಿಯಂ, ಸತು ಮತ್ತು ಟೆಲ್ಯೂರಿಯಂ ಬೆರೆತ ಅರೆವಾಹಕದ 32,768 ಪುಟ್ಟ ತುಣುಕುಗಳು ನೆಲಹಾಸಿನಂತೆ ಹಾಸಿಕೊಂಡಿವೆ. ಆಕಾಶದ ಸುಮಾರು ಆರನೇ ಒಂದು ಭಾಗವನ್ನು ಇದು ಒಟ್ಟಿಗೇ ಕಾಯುತ್ತದೆ. ಸ್ಫೋಟದ ಜಾಗವನ್ನು ಹುಣ್ಣಿಮೆ ಚಂದ್ರನ ಅಗಲದ ಹತ್ತನೇ ಒಂದು ಭಾಗದಷ್ಟು ನಿಖರವಾಗಿ ಹೇಳುತ್ತದೆ.

1997ರ ಫೆಬ್ರುವರಿ 28

ಸ್ವಿಫ್ಟ್‌ಗಿಂತ ಮೊದಲೇ ಈ ನೆರಳಿನ ಉಪಾಯವನ್ನು ಹೊತ್ತೊಯ್ದದ್ದು ಇಟಲಿ ಮತ್ತು ನೆದರ್‌ಲ್ಯಾಂಡ್ಸ್ ಸೇರಿ ಕಟ್ಟಿದ ಬೆಪ್ಪೊಸ್ಯಾಕ್ಸ್ ಉಪಗ್ರಹ. 1996ರಲ್ಲಿ ಹಾರಿದ ಇದರಲ್ಲಿ ಎರಡು ಬಗೆಯ ಕಣ್ಣುಗಳಿದ್ದವು. ಅಗಲ ನೋಟದ ಒಂದು, ಎಕ್ಸ್-ರೇಯಲ್ಲಿ ಸೂಕ್ಷ್ಮವಾಗಿ ನೋಡುವ ಇನ್ನೊಂದು.

1997ರ ಫೆಬ್ರುವರಿ 28ರಂದು ಸ್ಫೋಟವೊಂದು ಅದರ ಅಗಲ ನೋಟಕ್ಕೆ ಸಿಕ್ಕಿತು. ನೆಲದಲ್ಲಿದ್ದವರು ಎಂಟು ಗಂಟೆಗಳಲ್ಲಿ ಉಪಗ್ರಹವನ್ನು ತಿರುಗಿಸಿ ಸೂಕ್ಷ್ಮದ ಕಣ್ಣನ್ನು ಅತ್ತ ನೆಟ್ಟರು. ಅಲ್ಲಿ ಎಕ್ಸ್-ರೇಯಲ್ಲಿ ಹೊಳೆಯುತ್ತಾ ಮಾಸುತ್ತಿದ್ದ ಹೊಸ ಬಿಂದು ಕಂಡಿತು! ಗ್ಯಾಮಾ ಮಿಂಚು ಮುಗಿದ ಮೇಲೂ ಅದೇ ಜಾಗ ಎಕ್ಸ್-ರೇ, ಕಾಣುವ ಬೆಳಕು, ರೇಡಿಯೊಗಳಲ್ಲಿ ಗಂಟೆಗಟ್ಟಲೆ, ದಿನಗಟ್ಟಲೆ ಕೆಂಡದಂತೆ ಹೊಳೆಯುತ್ತಿರುತ್ತದೆ ಎಂಬುದು ಆಗ ತಿಳಿಯಿತು. ಇದಕ್ಕೆ ಆಫ್ಟರ್‌ಗ್ಲೋ ಎನ್ನುತ್ತಾರೆ, ನಾವು ಉಳಿಹೊಳಪು ಎನ್ನೋಣ. ಲಾ ಪಾಲ್ಮಾ ದ್ವೀಪದ ವಿಲಿಯಂ ಹರ್ಷೆಲ್ ದೂರದರ್ಶಕ ಒಂದು ದಿನ ಕಳೆಯುವುದರೊಳಗೆ ಅದೇ ಜಾಗದ ಚಿತ್ರ ತೆಗೆದಿತ್ತು. ಅದರಲ್ಲೂ ಆ ಉಳಿಹೊಳಪು ಇತ್ತು. ಈ ಸ್ಫೋಟದ ಹೆಸರು ಜಿಆರ್‌ಬಿ 970228. ಹೆಸರಿಡುವ ರೀತಿ ಸರಳ: ‘ಗ್ಯಾಮಾ ರೇ ಬರ್ಸ್ಟ್’ (ಗ್ಯಾಮಾ ಕಿರಣ ಸ್ಫೋಟ) ಎಂಬುದರ ಮೊದಲಕ್ಷರಗಳು, ಆಮೇಲೆ ವರ್ಷ, ತಿಂಗಳು, ದಿನ. ಒಂದೇ ದಿನ ಬಂದವನ್ನು ಬೇರೆ ಬೇರೆಯಾಗಿ ಗುರುತಿಸಲು ಕೊನೆಗೆ ಎ, ಬಿ ಎಂಬ ಅಕ್ಷರ.

ಎರಡೇ ತಿಂಗಳ ಬಳಿಕ ಬಂದ ಜಿಆರ್‌ಬಿ 970508 ವಾದವನ್ನೇ ಮುಗಿಸಿತು. ಹವಾಯಿಯ ಕೆಕ್ ದೂರದರ್ಶಕ ಅದರ ಉಳಿಹೊಳಪನ್ನು ಬಣ್ಣಗಳಾಗಿ ಬಿಡಿಸಿತು. ವಿಶ್ವ ಹಿಗ್ಗುತ್ತಿದೆ. ಅದರೊಳಗೆ ಸಾಗುವ ಬೆಳಕಿನ ಅಲೆಯೂ ಜೊತೆಗೇ ಹಿಗ್ಗಿ ಕೆಂಪಿನತ್ತ ಸರಿಯುತ್ತದೆ. ಎಷ್ಟು ಸರಿದಿದೆ ಎಂದು ಅಳೆದರೆ ಎಷ್ಟು ಕಾಲದಿಂದ ಪಯಣಿಸುತ್ತಿದೆ ಎಂದು ತಿಳಿಯುತ್ತದೆ. ಆ ಬೆಳಕು ಹೊರಟು 600 ಕೋಟಿ ವರ್ಷಗಳೇ ಮೀರಿದ್ದವು. ಭೂಮಿ ಇನ್ನೂ ಹುಟ್ಟಿರಲಿಲ್ಲ. ಪಾಚಿನ್‌ಸ್ಕಿ ಹೇಳಿದ್ದು ಸರಿಯಾಗಿತ್ತು.

ಸಿಡಿಯುವುದು ಏನು?

ದೂರ ಗೊತ್ತಾದದ್ದೇ ಇನ್ನೊಂದು ಪ್ರಶ್ನೆ ಎದ್ದು ನಿಂತಿತು. ಅಷ್ಟು ದೂರದಿಂದ ಇಷ್ಟು ಪ್ರಕಾಶ ಬರಬೇಕಾದರೆ ಮೂಲದಲ್ಲಿ ಎಷ್ಟಿರಬೇಕು? ಸೂರ್ಯ ತನ್ನ ಸಾವಿರ ಕೋಟಿ ವರ್ಷಗಳ ಆಯುಷ್ಯದುದ್ದಕ್ಕೂ ಕೊಡುವಷ್ಟು ಶಕ್ತಿ ಕೆಲವೇ ಸೆಕೆಂಡುಗಳಲ್ಲಿ ಹೊಮ್ಮಬೇಕು. ಮೂಲವಾದರೋ ಬಹಳ ಪುಟ್ಟದು. ಇದನ್ನು ಹೇಳಿದ್ದು ಮಿಂಚಿನ ಮಿನುಗಾಟ. ಒಂದು ವಸ್ತು ಸೆಕೆಂಡಿನ ಸಾವಿರದ ಒಂದು ಭಾಗದಲ್ಲಿ ಹೊಳೆದು ಆರುತ್ತಿದ್ದರೆ, ಅಷ್ಟರಲ್ಲಿ ಬೆಳಕು ಸಾಗುವುದು 300 ಕಿಲೋಮೀಟರ್ ಮಾತ್ರ. ವಸ್ತು ಅದಕ್ಕಿಂತ ಬಹಳ ದೊಡ್ಡದಾಗಿದ್ದರೆ ಅದರ ಒಂದು ಅಂಚಿನ ಸುದ್ದಿ ಇನ್ನೊಂದು ಅಂಚಿಗೆ ತಲುಪುವ ಮೊದಲೇ ಎರಡೂ ಒಟ್ಟಿಗೆ ಆರುವುದು ಅಸಾಧ್ಯ.

ಅಷ್ಟು ಚಿಕ್ಕ ಜಾಗದಲ್ಲಿ ಅಷ್ಟು ಶಕ್ತಿ ಹುಟ್ಟುವುದಕ್ಕೆ ಗೊತ್ತಿರುವ ದಾರಿಗಳು ಕೆಲವೇ. ಬ್ಯಾಟ್ಸಿಯ ದಾಖಲೆಗಳಿಂದ 1993ರಲ್ಲೇ ಒಂದು ಸುಳಿವು ಸಿಕ್ಕಿತ್ತು: ಸ್ಫೋಟಗಳಲ್ಲಿ ಎರಡು ಬಗೆ, ಸುಮಾರು 2 ಸೆಕೆಂಡಿಗಿಂತ ಕಿರಿದಾದವು ಮತ್ತು ಅದಕ್ಕಿಂತ ದೀರ್ಘವಾದವು.

ದೀರ್ಘವಾದವು ಹೆಚ್ಚಾಗಿ ಭಾರೀ ನಕ್ಷತ್ರಗಳ ಸಾವು. ಸೂರ್ಯನ ಹತ್ತಾರು ಪಟ್ಟು ತೂಕದ ನಕ್ಷತ್ರದ ಒಡಲಿನ ಇಂಧನ ತೀರಿದಾಗ ನಡುಭಾಗ ತನ್ನ ಭಾರಕ್ಕೆ ತಾನೇ ಕುಸಿದು ಕಪ್ಪುಕುಳಿಯಾಗುತ್ತದೆ. ಸುತ್ತ ಸುಳಿಯುವ ವಸ್ತುವಿನಲ್ಲಿ ಸ್ವಲ್ಪ ಪಾಲು ಎರಡು ಎದುರುಬದುರು ದಿಕ್ಕಿಗೆ, ಬೆಳಕಿನ ವೇಗಕ್ಕೆ ತೀರಾ ಸಮೀಪದ ವೇಗದಲ್ಲಿ, ಬುಗ್ಗೆಗಳಾಗಿ ಚಿಮ್ಮಿ ನಕ್ಷತ್ರದ ಮೈಯನ್ನು ಸೀಳಿ ಹೊರಬರುತ್ತದೆ. ಆ ಬುಗ್ಗೆ ನಮ್ಮತ್ತ ಮುಖ ಮಾಡಿದ್ದರೆ ನಮಗೆ ಗ್ಯಾಮಾ ಮಿಂಚು ಕಾಣುತ್ತದೆ. ಬಲ್ಬಿನ ಬೆಳಕು ಎಲ್ಲ ಕಡೆ ಹರಡುತ್ತದೆ, ಟಾರ್ಚಿನದು ಒಂದೇ ಕಡೆ. ಅದೇ ಬ್ಯಾಟರಿ, ಆದರೆ ನೇರ ಕಣ್ಣಿಗೆ ಬಿಟ್ಟರೆ ಕುಕ್ಕುತ್ತದೆ. ನಮ್ಮತ್ತ ತಿರುಗದ ಟಾರ್ಚುಗಳು ಎಷ್ಟೋ ಇವೆ, ಅವುಗಳ ಗ್ಯಾಮಾ ಮಿಂಚು ನಮಗೆ ಕಾಣುವುದೇ ಇಲ್ಲ. 2003ರ ಮಾರ್ಚ್ 29ರ ಸ್ಫೋಟದ ಉಳಿಹೊಳಪು ಮಾಸುತ್ತಿದ್ದಂತೆ ಅದರ ಹಿಂದಿನಿಂದ ಸೂಪರ್‌ನೋವಾ ಒಂದು, ಅಂದರೆ ಸಾಯುವ ನಕ್ಷತ್ರ ಸಿಡಿದ ಹೊಳಪು, ಮೇಲೆದ್ದು ಬಂದಾಗ ಈ ನಂಟು ದೃಢವಾಯಿತು.

ಕಿರಿದಾದವುಗಳ ಕಥೆ ಬೇರೆ. ಎರಡು ನ್ಯೂಟ್ರಾನ್ ನಕ್ಷತ್ರಗಳು (ಸತ್ತ ಭಾರೀ ನಕ್ಷತ್ರಗಳು ಬಿಟ್ಟುಹೋದ ತೀರಾ ದಟ್ಟವಾದ ತಿರುಳುಗಳು) ಒಂದನ್ನೊಂದು ಸುತ್ತುತ್ತಾ ಕೊನೆಗೆ ಡಿಕ್ಕಿ ಹೊಡೆಯುವುದು ಇದಕ್ಕೆ ಕಾರಣ ಎಂಬ ಊಹೆಗೆ 2017ರ ಆಗಸ್ಟ್ 17ರಂದು ಸಾಕ್ಷಿ ಸಿಕ್ಕಿತು. ಭಾರೀ ಕಾಯಗಳು ಡಿಕ್ಕಿಯಾದಾಗ ಸುತ್ತಲಿನ ಖಾಲಿ ಜಾಗವೇ ಅಲೆಅಲೆಯಾಗಿ ಕಂಪಿಸುತ್ತದೆ, ಅದೇ ಗುರುತ್ವ ಅಲೆ. ಅಂದು ಲೈಗೋ ಮತ್ತು ವರ್ಗೊ ಉಪಕರಣಗಳಲ್ಲಿ ಆ ಅಲೆ ದಾಖಲಾದ 1.7 ಸೆಕೆಂಡಿಗೆ ಫರ್ಮಿ ಉಪಗ್ರಹಕ್ಕೆ ಗ್ಯಾಮಾ ಮಿಂಚು ಕಂಡಿತು. ಫರ್ಮಿ ತೋರಿಸಿದ ಜಾಗ ವಿಶಾಲವಾಗಿತ್ತು, ಗುರುತ್ವ ಅಲೆ ತೋರಿಸಿದ ಜಾಗ ಅದಕ್ಕಿಂತ ಚಿಕ್ಕದು. ಸುಮಾರು 11 ಗಂಟೆಗಳಲ್ಲಿ ಚಿಲಿಯ ದೂರದರ್ಶಕವೊಂದು 13 ಕೋಟಿ ಜ್ಯೋತಿರ್ವರ್ಷ ದೂರದ ಎನ್‌ಜಿಸಿ 4993 ಎಂಬ ಗೆಲಾಕ್ಸಿಯಲ್ಲಿ ಆ ಬೆಳಕನ್ನು ಕಂಡುಹಿಡಿಯಿತು. ಅದರ ಬಣ್ಣಗಳು ಮಾಸಿದ ರೀತಿಯಿಂದ ಚಿನ್ನ, ಪ್ಲಾಟಿನಂನಂತಹ ಭಾರದ ಧಾತುಗಳು ಇಂತಹ ಡಿಕ್ಕಿಗಳಲ್ಲಿ ತಯಾರಾಗುತ್ತವೆ ಎಂಬುದಕ್ಕೆ ಆಧಾರ ಸಿಕ್ಕಿತು.

ಎರಡು ಸೆಕೆಂಡಿನ ಗೆರೆ ಮಾತ್ರ ಕಲ್ಲಿನ ಮೇಲಿನದಲ್ಲ. 2021ರ ಡಿಸೆಂಬರ್ ಮತ್ತು 2023ರ ಮಾರ್ಚ್‌ನಲ್ಲಿ ಬಂದ ಎರಡು ದೀರ್ಘ ಸ್ಫೋಟಗಳ ಹಿಂದೆ ಸೂಪರ್‌ನೋವಾ ಇರಲಿಲ್ಲ, ಡಿಕ್ಕಿಯ ಗುರುತುಗಳಿದ್ದವು. ಎರಡನೆಯದರಲ್ಲಿ ವೆಬ್ ಬಾಹ್ಯಾಕಾಶ ದೂರದರ್ಶಕಕ್ಕೆ ಟೆಲ್ಯೂರಿಯಂ ಎಂಬ ಭಾರದ ಧಾತುವಿನ ಸುಳಿವೂ ಸಿಕ್ಕಿತು.

ಸ್ವಿಫ್ಟ್‌ನ ಮೊದಲ ಎರಡು ನಿಮಿಷ

ಬೆಪ್ಪೊಸ್ಯಾಕ್ಸ್‌ಗೆ ಎಂಟು ಗಂಟೆ ಬೇಕಾಗಿದ್ದ ಕೆಲಸವನ್ನು ಸ್ವಿಫ್ಟ್ ಸುಮಾರು ಒಂದೂವರೆ ನಿಮಿಷದೊಳಗೆ ಮಾಡಬಲ್ಲದು. ಅದೂ ನೆಲದಿಂದ ಯಾರ ಅಪ್ಪಣೆಗೂ ಕಾಯದೆ. ಎಣಿಕೆ ಜಿಗಿದೊಡನೆ ಒಳಗಿನ ಕಂಪ್ಯೂಟರ್ ನೆರಳನ್ನು ಬಿಡಿಸಿ ಜಾಗ ಕಂಡುಕೊಳ್ಳುತ್ತದೆ. ಅದು ಮೊದಲೇ ಗೊತ್ತಿರುವ ನಕ್ಷತ್ರವೇ ಎಂದು ಪಟ್ಟಿಯಲ್ಲಿ ನೋಡುತ್ತದೆ. ಆ ಕಡೆ ತಿರುಗಿದರೆ ಸೂರ್ಯ, ಚಂದ್ರ, ಭೂಮಿ ಅಡ್ಡ ಬರುತ್ತವೆಯೇ ಎಂದು ಲೆಕ್ಕ ಹಾಕುತ್ತದೆ. ಆಮೇಲೆ ಇಡೀ ಉಪಗ್ರಹ ಗಿರಕಿ ಹೊಡೆದು ತನ್ನ ಇನ್ನೆರಡು ಕಣ್ಣುಗಳನ್ನು ಅತ್ತ ನೆಡುತ್ತದೆ: ಎಕ್ಸ್-ರೇ ದೂರದರ್ಶಕ ಮತ್ತು ಕಾಣುವ ಬೆಳಕು, ಅತಿನೇರಳೆಗಳನ್ನು ನೋಡುವ 30 ಸೆಂಟಿಮೀಟರ್ ಕನ್ನಡಿಯ ದೂರದರ್ಶಕ. ಇತ್ತ ಜಾಗದ ಸುದ್ದಿ ಬೇರೆ ಉಪಗ್ರಹಗಳ ಮೂಲಕ ನೆಲಕ್ಕೆ ಬಂದು, ಅಲ್ಲಿಂದ ಲೋಕದ ಎಲ್ಲ ಕಡೆಯ ಖಗೋಳ ವಿಜ್ಞಾನಿಗಳಿಗೂ ರೋಬಾಟ್ ದೂರದರ್ಶಕಗಳಿಗೂ ತಲುಪಿರುತ್ತದೆ.

ಕನ್ನಡಿ ಕೈಕೊಡುತ್ತದೆ ಎಂದೆನಲ್ಲ, ಎಕ್ಸ್-ರೇ ದೂರದರ್ಶಕಕ್ಕೆ ಕನ್ನಡಿ ಹೇಗೆ? ಕೆರೆಯ ನೀರಿಗೆ ಕಲ್ಲನ್ನು ನೆಟ್ಟಗೆ ಎಸೆದರೆ ಮುಳುಗುತ್ತದೆ, ನೀರಿನ ಮೈ ಸವರುವಂತೆ ಬೀಸಿದರೆ ಕುಪ್ಪಳಿಸುತ್ತದೆ. ಎಕ್ಸ್-ರೇ ಕೂಡ ಕನ್ನಡಿಯನ್ನು ಸವರಿಕೊಂಡು ಹೋಗುವಂತಿದ್ದರೆ ಸ್ವಲ್ಪ ಬಾಗುತ್ತದೆ. ಹಾಗಾಗಿ ಅದರ ಕನ್ನಡಿಗಳು ಬಟ್ಟಲಿನಂತಿರದೆ ಒಂದರೊಳಗೊಂದು ಸೇರಿಸಿದ ಕೊಳವೆಗಳಂತಿವೆ.

ಈ ಚುರುಕಿನ ಫಲ ಎಷ್ಟೋ. 2008ರ ಮಾರ್ಚ್ 19ರಂದು ಸ್ವಿಫ್ಟ್ ಕಂಡ ಸ್ಫೋಟದ ಬೆಳಕು 750 ಕೋಟಿ ವರ್ಷ ಪಯಣಿಸಿ ಬಂದಿತ್ತು. ಕತ್ತಲ ಆಕಾಶದಡಿ ನಿಂತು ಸರಿಯಾದ ಕಡೆ ನೋಡುತ್ತಿದ್ದವರಿಗೆ ಅದು ಸುಮಾರು ಅರ್ಧ ನಿಮಿಷ ಬರಿಗಣ್ಣಿಗೇ ಕಾಣುವಷ್ಟಿತ್ತು! 2009ರ ಏಪ್ರಿಲ್ 23ರ ಸ್ಫೋಟ ವಿಶ್ವಕ್ಕೆ ಸುಮಾರು 63 ಕೋಟಿ ವರ್ಷ ವಯಸ್ಸಾಗಿದ್ದ ಕಾಲದ್ದು.

ಬೇರೆ ಬೇರೆ ಕಣ್ಣುಗಳು

2008ರ ಜೂನ್‌ನಲ್ಲಿ ಹಾರಿದ ಫರ್ಮಿಯ ಸ್ವಭಾವ ಸ್ವಿಫ್ಟ್‌ಗೆ ತದ್ವಿರುದ್ಧ. ಅದರ ಮೈಸುತ್ತ ಇರುವ 14 ಹರಳುಗಳು ಭೂಮಿ ಮರೆಮಾಡದ ಇಡೀ ಆಕಾಶವನ್ನು ಒಟ್ಟಿಗೇ ಕಾಯುತ್ತವೆ. ವರ್ಷಕ್ಕೆ ಸುಮಾರು 240 ಸ್ಫೋಟಗಳು ಅದಕ್ಕೆ ಸಿಗುತ್ತವೆ, ಜಾಗ ಮಾತ್ರ ಒರಟು. ಫರ್ಮಿಯ ಇನ್ನೊಂದು ಉಪಕರಣ ತೀರಾ ಹೆಚ್ಚು ಶಕ್ತಿಯ ಫೋಟಾನ್‌ಗಳಿಗೆ ಮೀಸಲು. ಅಂತಹ ಫೋಟಾನ್ ಟಂಗ್‌ಸ್ಟನ್ ಹಾಳೆಗೆ ಬಡಿದಾಗ ತಾನು ಇಲ್ಲವಾಗಿ ಒಂದು ಎಲೆಕ್ಟ್ರಾನ್ ಮತ್ತು ಅದರ ಧನಾವೇಶದ ಪ್ರತಿರೂಪವಾದ ಒಂದು ಪಾಸಿಟ್ರಾನ್ ಆಗಿ ಒಡೆಯುತ್ತದೆ. ಆ ಎರಡರ ಹೆಜ್ಜೆಜಾಡನ್ನು ಸಿಲಿಕಾನ್ ಪಟ್ಟಿಗಳಲ್ಲಿ ಹಿಮ್ಮುಖವಾಗಿ ಹಿಂಬಾಲಿಸಿದರೆ ಫೋಟಾನ್ ಬಂದ ದಿಕ್ಕು ಸಿಗುತ್ತದೆ.

ಇಸ್ರೋ 2015ರ ಸೆಪ್ಟೆಂಬರ್ 28ರಂದು ಹಾರಿಸಿದ ಆಸ್ಟ್ರೋಸ್ಯಾಟ್‌ನ ಒಂದು ಉಪಕರಣ ಇನ್ನೂ ಸ್ವಾರಸ್ಯದ್ದು. ಅದನ್ನು ಕಟ್ಟಿದ್ದು ಮುಂದೆ ಇರುವುದನ್ನು ನೆರಳಿನ ಉಪಾಯದಿಂದ ನೋಡುವುದಕ್ಕೆ. ಹೆಚ್ಚಿನ ಶಕ್ತಿಯ ಫೋಟಾನ್‌ಗಳಿಗೆ ಮಾತ್ರ ಅದರ ಪಕ್ಕದ ಗೋಡೆಗಳೇ ಪಾರದರ್ಶಕ. ಹಾಗಾಗಿ ತಾನು ನೋಡದ ದಿಕ್ಕಿನ ಸ್ಫೋಟಗಳೂ ಅದಕ್ಕೆ ಕಾಣುತ್ತವೆ. ಕೆಲಸ ಶುರುಮಾಡಿದ ಮೊದಲ ದಿನವೇ, 2015ರ ಅಕ್ಟೋಬರ್ 6ರಂದು, ಒಂದು ಸ್ಫೋಟ ಸಿಕ್ಕಿತು. ಈವರೆಗೆ 600ಕ್ಕೂ ಹೆಚ್ಚು ಸಿಕ್ಕಿವೆ. ಫೋಟಾನ್ ಒಂದು ತುಣುಕಿಗೆ ಬಡಿದು ಪಕ್ಕದ ತುಣುಕಿಗೆ ಚಿಮ್ಮುವ ದಿಕ್ಕನ್ನು ನೋಡಿ ಬೆಳಕಿನ ಅಲೆಗಳು ಯಾವ ಓರೆಯಲ್ಲಿ ಕಂಪಿಸುತ್ತಿವೆ ಎಂದೂ ಇದು ಅಳೆಯುತ್ತದೆ. ಬುಗ್ಗೆಯೊಳಗಿನ ಕಾಂತಕ್ಷೇತ್ರ ಹೇಗಿದೆ ಎಂಬ ಸುಳಿವು ಅದರಲ್ಲಿ ಅಡಗಿದೆ.

ಕಣ್ಣು ಕೋರೈಸಿದ ದಿನ

2022ರ ಅಕ್ಟೋಬರ್ 9ರಂದು ಬಂದ ಸ್ಫೋಟ ಎಷ್ಟು ಜೋರಾಗಿತ್ತೆಂದರೆ ಫರ್ಮಿಯ ಹರಳುಗಳಿಗೆ ಒಂದೊಂದೇ ಫೋಟಾನ್ ಎಣಿಸಲು ಬಿಡುವೇ ಸಿಗಲಿಲ್ಲ. ಸ್ವಿಫ್ಟ್ ಆಗ ಅತ್ತ ನೋಡುತ್ತಿರಲಿಲ್ಲ. ಸುಮಾರು 53 ನಿಮಿಷಗಳ ನಂತರ ಅದಕ್ಕೆ ಉಳಿಹೊಳಪು ಕಂಡಿತು. ಕ್ಷೀರಪಥದ ಪಟ್ಟಿಯ ದಿಕ್ಕಿನಲ್ಲೇ ಇದ್ದು, ಅಷ್ಟು ಹೊತ್ತಾದ ಮೇಲೂ ಅಷ್ಟು ಪ್ರಖರವಾಗಿದ್ದುದರಿಂದ ನಮ್ಮದೇ ಗೆಲಾಕ್ಸಿಯ ಹೊಸ ಎಕ್ಸ್-ರೇ ಮೂಲ ಇರಬೇಕೆಂದು ಮೊದಲು ಎಲ್ಲರೂ ತಿಳಿದರು. ನಿಜದಲ್ಲಿ ಆ ಬೆಳಕು 190 ಕೋಟಿ ವರ್ಷಗಳ ಹಿಂದೆ ಹೊರಟಿತ್ತು. ಇಂತಹದ್ದು ಬರುವುದು ಸುಮಾರು ಹತ್ತು ಸಾವಿರ ವರ್ಷಗಳಿಗೊಮ್ಮೆ ಎಂಬುದು ವಿಜ್ಞಾನಿಗಳ ಅಂದಾಜು.

ನಮಗೇನಾದರೂ ಅಪಾಯವಿತ್ತೇ? ಇರಲಿಲ್ಲ. ವಾಯುಮಂಡಲದ ಮೇಲಿನ ಅಯಾನುಗೋಳ ತುಸು ಕದಡಿದ್ದು ದಾಖಲಾಯಿತು, ನೆಲದಲ್ಲಿ ಯಾರಿಗೂ ಏನೂ ಗೊತ್ತಾಗಲಿಲ್ಲ. ತೀರಾ ಹತ್ತಿರದಲ್ಲಿ, ನೇರ ನಮ್ಮತ್ತ ಮುಖಮಾಡಿ ಸಿಡಿದರೆ ಮಾತ್ರ ಓಝೋನ್ ಪದರಕ್ಕೆ ಪೆಟ್ಟು. ಅದು ಅತಿ ವಿರಳ.

ಹೊಸ ಕಾವಲುಗಾರರು, ಹಳೆಯ ಪ್ರಶ್ನೆ

2024ರಲ್ಲಿ ಎರಡು ಹೊಸ ಕಣ್ಣುಗಳು ಮೇಲೇರಿದವು. ಜನವರಿಯಲ್ಲಿ ಚೀನಾದ ಐನ್‌ಸ್ಟೈನ್ ಪ್ರೋಬ್, ಜೂನ್‌ನಲ್ಲಿ ಚೀನಾ ಮತ್ತು ಫ್ರಾನ್ಸ್ ಸೇರಿ ಕಟ್ಟಿದ ಎಸ್‌ವಿಒಎಂ. ಐನ್‌ಸ್ಟೈನ್ ಪ್ರೋಬ್‌ನ ಕನ್ನಡಿ ಲಾಬ್‌ಸ್ಟರ್ ಎಂಬ ಕಡಲ ಜೀವಿಯ ಕಣ್ಣನ್ನು ಅನುಸರಿಸಿದ್ದು. ಲೆಕ್ಕವಿಲ್ಲದಷ್ಟು ಪುಟ್ಟ ಚೌಕ ರಂಧ್ರಗಳ ಒಳಗೋಡೆಗಳು ಎಕ್ಸ್-ರೇಯನ್ನು ಸವರಿ ಬಾಗಿಸುತ್ತವೆ, ಆಕಾಶದ ದೊಡ್ಡ ತುಂಡು ಒಂದೇ ನೋಟಕ್ಕೆ ಸಿಗುತ್ತದೆ. ಎಸ್‌ವಿಒಎಂ 2025ರ ಮಾರ್ಚ್ 14ರಂದು ಕಂಡ ಸ್ಫೋಟ ವಿಶ್ವಕ್ಕೆ ಸುಮಾರು 73 ಕೋಟಿ ವರ್ಷ ವಯಸ್ಸಾಗಿದ್ದಾಗಿನದು. ಮೂರೂವರೆ ತಿಂಗಳ ಬಳಿಕ ಅದೇ ಜಾಗಕ್ಕೆ ವೆಬ್ ದೂರದರ್ಶಕವನ್ನು ತಿರುಗಿಸಿದಾಗ ಅಲ್ಲಿ ಸತ್ತ ನಕ್ಷತ್ರದ ಸೂಪರ್‌ನೋವಾ ಕಂಡಿತು. ಜಾಗ ಗೊತ್ತಿಲ್ಲದಿದ್ದರೆ ಅದನ್ನು ಹುಡುಕುವುದಾದರೂ ಎಲ್ಲಿ?

ಅದೇ ವರ್ಷದ ಜುಲೈ 2ರಂದು ಫರ್ಮಿಗೆ ಒಂದೇ ದಿಕ್ಕಿನಿಂದ ಮತ್ತೆ ಮತ್ತೆ ಮಿಂಚು ಬಂತು. ಗ್ಯಾಮಾ ಕಿರಣಗಳು ಏಳು ಗಂಟೆಗಳಷ್ಟು ಕಾಲ ಬಂದವು. ಐನ್‌ಸ್ಟೈನ್ ಪ್ರೋಬ್‌ನ ದಾಖಲೆಗಳನ್ನು ತಿರುವಿ ನೋಡಿದರೆ ಹಿಂದಿನ ದಿನವೇ ಅಲ್ಲಿ ಎಕ್ಸ್-ರೇ ಶುರುವಾಗಿತ್ತು. ಒಮ್ಮೆ ಸತ್ತ ನಕ್ಷತ್ರ ಪದೇ ಪದೇ ಸಾಯಲಾರದು. ಆದ್ದರಿಂದ ಇದು ನಮ್ಮ ಗೆಲಾಕ್ಸಿಯೊಳಗಿನ ಯಾವುದೋ ಬೇರೆ ಕಾಯ ಇರಬೇಕೆಂಬ ಅನುಮಾನ ಹುಟ್ಟಿತು. ಜಾಗ ಕ್ಷೀರಪಥದ ಪಟ್ಟಿಯ ಹತ್ತಿರವೇ ಇತ್ತು, ದೂಳು ದಟ್ಟವಾಗಿ ಕವಿದಿತ್ತು. 1995ರ ವಾದವೇ ಇನ್ನೊಮ್ಮೆ. ಚಿಲಿಯ ದೊಡ್ಡ ದೂರದರ್ಶಕಗಳು ಅವಗೆಂಪು ಬೆಳಕಿನಲ್ಲಿ ದೂಳನ್ನು ತೂರಿ ನೋಡಿದವು, ಹಬಲ್ ನೋಡಿತು, ಕೊನೆಗೆ ವೆಬ್ ದೂರ ಅಳೆಯಿತು. ಮಂಕಾದ ಒಂದು ಗೆಲಾಕ್ಸಿ ಅಲ್ಲಿತ್ತು, ಬೆಳಕು ಹೊರಟು ಸುಮಾರು 800 ಕೋಟಿ ವರ್ಷ. ಕಪ್ಪುಕುಳಿಯೊಂದು ನಕ್ಷತ್ರವನ್ನು ಹರಿದು ತಿಂದಿತೇ, ಅಥವಾ ಜೊತೆಗಾರ ನಕ್ಷತ್ರದ ಒಡಲೊಳಗೇ ಇಳಿದು ಅದನ್ನು ಒಳಗಿನಿಂದ ನುಂಗಿತೇ ಎಂಬ ಚರ್ಚೆ ನಡೆಯುತ್ತಿದೆ. ಜಾಗವಂತೂ ಸಿಕ್ಕಿದೆ.